ಮುಚ್ಚಿದುದೂ ಕದ್ದುದೂ: ಎರಡು ಇಂಗ್ಲಿಷ್ ವಿಶೇಷಣಗಳ ಅರ್ಥವಿವೇಚನೆ

ಮರೆಮಾಚುವಿಕೆಯನ್ನು ತಿಳಿಸುವ ವಿಶೇಷಣಗಳು ಇಂಗ್ಲಿಷ್ ಭಾಷೆಯಲ್ಲಿ ಹಲವುಂಟು. ಅವುಗಳಲ್ಲಿ ‘ಕವರ್ಟ್’ ಎಂಬುದೂ ‘ಕ್ಲ್ಯಾಂಡೆಸ್ಟಿನ್’ ಎಂಬುದೂ ಒಂದಕ್ಕೊಂದು ಅತಿಸಮೀಪದಲ್ಲಿ ನಿಂತಿರುವ ಪದಗಳು. ಇಂಗ್ಲಿಷಿನಿಂದ ಕನ್ನಡಕ್ಕೆ ಪರಿವರ್ತಿಸುವವರು ಈ ಎರಡಕ್ಕೂ ‘ರಹಸ್ಯವಾದ’, ‘ಗುಪ್ತವಾದ’, ‘ಗೂಢವಾದ’ ಎಂಬ ಮೂರು ಮಾತುಗಳಲ್ಲಿ ಮೊದಲು ಕೈಗೆ ಸಿಕ್ಕಿದುದನ್ನು ಇಟ್ಟು ಮುಂದೆ ಸಾಗುವುದುಂಟು. ತರಗತಿಯಲ್ಲಿ ಪಾಠಹೇಳುವವರೂ ಎರಡನ್ನೂ ಪರ್ಯಾಯಪದಗಳೆಂದು ತಿಳಿಸಿ ಮುಗಿಸಿಬಿಡುತ್ತಾರೆ. ಇದರಿಂದ ಆಗುವ ಹಾನಿಯೇನೆಂದು ಕೆಲವರು ಕೇಳಬಹುದು. ಪದಗಳ ಭೇದವು ಪದಗಳಲ್ಲಿಯೇ ನಿಂತುಹೋಗುವುದಾಗಿದ್ದರೆ ಹಾನಿಯು ಅಲ್ಪವೇ. ಆದರೆ ಈ ಭೇದವನ್ನು ಬಿಟ್ಟರೆ ಒಂದು ನಾಟಕದಲ್ಲಿ ಯಾರು ಯಾರಿಗೆ ಏನನ್ನು ಮರೆಮಾಡಿದರು, ಯಾರ ತಪ್ಪು ಎಂತಹುದು, ಮುಸುಕು ತೆಗೆದ ಮಾತ್ರಕ್ಕೆ ಒಂದೆಡೆ ಸತ್ಯವು ಹೊರಬಿದ್ದು ಮತ್ತೊಂದೆಡೆ ಏಕೆ ಬೀಳಲಿಲ್ಲ ಎಂಬುದನ್ನೇ ನಾವು ಕಾಣದೆಹೋಗುತ್ತೇವೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವ್ಯುತ್ಪತ್ತಿಯನ್ನು ನೋಡಬಹುದು. ‘ಕವರ್ಟ್’ ಎಂಬುದು ಹಳೆಯ ಫ್ರೆಂಚ್ ಭಾಷೆಯಲ್ಲಿ ಮುಚ್ಚುವುದೆಂಬ ಅರ್ಥದ ಧಾತುವಿನ ಭೂತಕೃದಂತ. ಅದರ ಮೂಲವು ಲ್ಯಾಟಿನ್ನಿನಲ್ಲಿದೆ. ಹೊದಿಕೆಗೆ ಹೇಳುವ ‘ಕವರ್’ ಎಂಬ ಬಳಕೆಯ ಮಾತು ಇದರ ಒಡಹುಟ್ಟು. ಆದುದರಿಂದ ಅಕ್ಷರಶಃ ಇದಕ್ಕೆ ‘ಮುಚ್ಚಲ್ಪಟ್ಟ’ ಎಂದರ್ಥ. ಬೇಟೆಯ ಪ್ರಾಣಿಗಳು ಅಡಗುವ ಪೊದೆಗೆ ಇಂಗ್ಲಿಷಿನಲ್ಲಿ ಇದೇ ಹೆಸರು. ಅಲ್ಲಿ ಪೊದೆಯು ಕಣ್ಣಿಗೆ ಕಾಣುತ್ತದೆ, ಅದರೊಳಗಿನ ಮೃಗವು ಕಾಣುವುದಿಲ್ಲ. ‘ಕ್ಲ್ಯಾಂಡೆಸ್ಟಿನ್’ ಎಂಬುದಾದರೋ ‘ಅರಿಯದಂತೆ’ ಎಂಬ ಅರ್ಥದ ‘ಕ್ಲಾಮ್’ ಎಂಬ ಲ್ಯಾಟಿನ್ ಅವ್ಯಯದಿಂದ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಈ ಪದದ ಹುಟ್ಟಿನಲ್ಲಿ ಹೊದಿಕೆಯ ಕಲ್ಪನೆಯೇ ಇಲ್ಲ. ಇನ್ನೊಬ್ಬನ ಅರಿವಿಗೆ ಬಾರದಂತೆ ಎಂಬ ಕಲ್ಪನೆಯಿದೆ. ಒಂದು ಪದವು ವಸ್ತುವಿನ ಮೇಲೆ ಹೊದಿಸಿದ ಬಟ್ಟೆಯನ್ನು ನೆನಪಿಗೆ ತಂದರೆ, ಮತ್ತೊಂದು ಅರಿಯಬೇಕಾಗಿದ್ದವನ ಅರಿಯದ ಸ್ಥಿತಿಯನ್ನು ನೆನಪಿಗೆ ತರುತ್ತದೆ.

ವ್ಯುತ್ಪತ್ತಿಯೇ ಅರ್ಥವನ್ನು ನಿರ್ಣಯಿಸುವುದಿಲ್ಲವೆಂಬುದು ನಿಜ. ಆದುದರಿಂದ ಪ್ರಯೋಗವನ್ನು ಪರೀಕ್ಷಿಸಬೇಕು. ‘ಕವರ್ಟ್’ ಎಂಬ ವಿಶೇಷಣವು ನೋಟ, ಬೆದರಿಕೆ, ಹಗೆತನ, ಸೂಚನೆ ಮೊದಲಾದ ವಿಶೇಷ್ಯಗಳೊಡನೆ ಸಹಜವಾಗಿ ಸೇರುತ್ತದೆ. ‘ಕ್ಲ್ಯಾಂಡೆಸ್ಟಿನ್’ ಎಂಬುದು ಭೇಟಿ, ವಿವಾಹ, ಪತ್ರವ್ಯವಹಾರ, ವ್ಯಾಪಾರ, ಮುದ್ರಣಾಲಯ ಇವುಗಳೊಡನೆ ಸೇರುತ್ತದೆ. ಇವುಗಳಲ್ಲಿ ಬೆದರಿಕೆಯೊಂದನ್ನೇ ತೆಗೆದುಕೊಳ್ಳೋಣ. ಸೌಜನ್ಯದ ಮಾತಿನೊಳಗೆ ಅಡಗಿಸಿ ಹೇಳಿದ ಬೆದರಿಕೆಯನ್ನು ಇಂಗ್ಲಿಷರು ‘ಕವರ್ಟ್’ ಎನ್ನುತ್ತಾರೆ. ‘ಕ್ಲ್ಯಾಂಡೆಸ್ಟಿನ್’ ಎಂದರೆ ಅಲ್ಲಿ ಹೊಂದುವುದಿಲ್ಲ. ಕಾರಣವು ಸ್ಪಷ್ಟವಾಗಿದೆ. ಬೆದರಿಕೆಯು ಕೇಳುವವನ ಕಿವಿಗೆ ಮುಟ್ಟಲೇಬೇಕು. ಮುಟ್ಟದಿದ್ದರೆ ಅದು ಬೆದರಿಕೆಯಾಗುವುದಿಲ್ಲ. ಮುಟ್ಟಿದರೂ ಅದರ ಮೇಲೆ ವಿನಯದ ಹೊದಿಕೆಯಿರಬಹುದು. ವಿವಾಹದ ವಿಷಯವು ಹೀಗಲ್ಲ. ತಂದೆತಾಯಿಗಳಿಗೂ ಊರಿಗೂ ತಿಳಿಯದಂತೆ ಅದು ನಡೆದುಹೋಗಬಹುದು. ಅಲ್ಲಿ ಹೊದಿಕೆಯ ಅವಶ್ಯಕತೆಯೇ ಇಲ್ಲ. ನೋಡಬೇಕಾದವರು ಅಲ್ಲಿ ಇರಲಿಲ್ಲ, ಅಷ್ಟೆ.

ಇಷ್ಟರಿಂದ ಒಂದು ಸೂತ್ರವನ್ನು ಮಾಡಿಕೊಳ್ಳಬಹುದು. ನೋಟಕನು ಏನನ್ನು ಕಂಡನೆಂದು ಕೇಳಬೇಕು. ಅವನು ಏನನ್ನೋ ಕಂಡು ಅದನ್ನು ಬೇರೊಂದಾಗಿ ತಿಳಿದನಾದರೆ ಅದು ‘ಕವರ್ಟ್’. ಅವನು ಕಾಣಬೇಕಾಗಿದ್ದುದನ್ನು ಕಾಣಲೇ ಇಲ್ಲವಾದರೆ ಅದು ‘ಕ್ಲ್ಯಾಂಡೆಸ್ಟಿನ್’. ಮೊದಲನೆಯದರಲ್ಲಿ ಅಡಗಿರುವುದು ಕರ್ತೃ ಅಥವಾ ಉದ್ದೇಶ ಅಥವಾ ನಿಜಸ್ವರೂಪ. ಎರಡನೆಯದರಲ್ಲಿ ಅಡಗಿರುವುದು ಕಾರ್ಯವೇ. ಆದುದರಿಂದ ಮರೆಯನ್ನು ನೀಗುವ ಉಪಾಯಗಳೂ ಬೇರೆಬೇರೆ. ಮುಚ್ಚಿದುದಕ್ಕೆ ಅನಾವರಣವು ಸಾಕು. ಕದ್ದು ನಡೆದುದಕ್ಕೆ ಪ್ರಕಟನೆ ಬೇಕು, ಸಾಕ್ಷಿ ಬೇಕು.

ಎರಡನೆಯ ಪದದಲ್ಲಿ ಅಂಟಿಕೊಂಡಿರುವ ದೋಷದ ಭಾವನೆ ಎಲ್ಲಿಂದ ಬಂದಿತೆಂಬುದನ್ನು ಯೂರೋಪಿನ ವಿವಾಹಧರ್ಮದ ಚರಿತ್ರೆಯು ತಿಳಿಸುತ್ತದೆ. ಮಧ್ಯಕಾಲದ ಕ್ರೈಸ್ತಧರ್ಮಶಾಸ್ತ್ರದಂತೆ ವಧೂವರರ ಪರಸ್ಪರ ಸಮ್ಮತಿಯೇ ವಿವಾಹಕ್ಕೆ ಸಾಕಾಗಿದ್ದಿತು. ಅರಿಯದಂತೆ ನಡೆದ ವಿವಾಹವು ನಿಷಿದ್ಧವಾದರೂ ಅಸಿಂಧುವಾಗುತ್ತಿರಲಿಲ್ಲ. ೧೫೬೩ರಲ್ಲಿ ಟ್ರೆಂಟ್ ನಗರದ ಧರ್ಮಸಭೆಯು ಪಾದ್ರಿಯೂ ಇಬ್ಬರು ಸಾಕ್ಷಿಗಳೂ ಇರಬೇಕೆಂದು ವಿಧಿಸಿತು. ರೋಮಿನಿಂದ ಬೇರ್ಪಟ್ಟಿದ್ದ ಇಂಗ್ಲೆಂಡಿನಲ್ಲಿ ಆ ವಿಧಿಯು ನಡೆಯಲಿಲ್ಲ. ಲಂಡನ್ನಿನ ಫ್ಲೀಟ್ ಸೆರೆಮನೆಯ ಸುತ್ತಮುತ್ತ ಹಣಕ್ಕಾಗಿ ಮದುವೆಮಾಡಿಸುವ ಪಾದ್ರಿಗಳ ಹಾವಳಿಯು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಸಿದ್ಧವಾಗಿದ್ದಿತು. ಕೊನೆಗೆ ಲಾರ್ಡ್ ಹಾರ್ಡ್‌ವಿಕ್ಕನ ಹೆಸರಿನಿಂದ ಕರೆಯಲ್ಪಡುವ ಶಾಸನವು ೧೭೫೩ರಲ್ಲಿ ಹುಟ್ಟಿತು; ‘ಕ್ಲ್ಯಾಂಡೆಸ್ಟಿನ್’ ವಿವಾಹಗಳ ನಿವಾರಣೆಯೆಂಬುದು ಅದರ ಶಿರೋನಾಮದಲ್ಲಿಯೇ ಇದೆ. ವಿವಾಹವನ್ನು ಚರ್ಚಿನಲ್ಲಿ ಮುಂದಾಗಿ ಸಾರಬೇಕು, ಇಲ್ಲವೇ ಅನುಮತಿಪತ್ರವನ್ನು ಪಡೆಯಬೇಕು ಎಂಬುದು ಅದರ ಸಾರ. ಶಾಸನವು ಸ್ಕಾಟ್ಲೆಂಡಿಗೆ ಅನ್ವಯಿಸದೆ ಇದ್ದುದರಿಂದ, ಓಡಿಹೋಗುವ ಪ್ರೇಮಿಗಳು ಗಡಿಯಾಚೆಯ ಗ್ರೆಟ್ನಾಗ್ರೀನ್ ಗ್ರಾಮವನ್ನು ಸೇರತೊಡಗಿದರು. ೧೭೬೬ರಲ್ಲಿ ಕೋಲ್ಮನ್ ಮತ್ತು ಗ್ಯಾರಿಕ್ ಎಂಬಿಬ್ಬರು ಸೇರಿ ಬರೆದ ಪ್ರಹಸನದ ಹೆಸರೇ ‘ದಿ ಕ್ಲ್ಯಾಂಡೆಸ್ಟಿನ್ ಮ್ಯಾರೇಜ್’.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಂತಹ ವಿವಾಹದಲ್ಲಿ ವಧುವು ವಧುವೇ, ವರನು ವರನೇ. ಯಾರೂ ವೇಷ ಧರಿಸಬೇಕಾಗಿಲ್ಲ. ಶಾಸನವು ಕೇಳಿದುದು ‘ನೀವು ಯಾರು?’ ಎಂದಲ್ಲ, ‘ತಿಳಿಯುವ ಹಕ್ಕುಳ್ಳವರಿಗೆ ಏಕೆ ತಿಳಿಸಲಿಲ್ಲ?’ ಎಂದು. ‘ಕ್ಲ್ಯಾಂಡೆಸ್ಟಿನ್’ ಎಂಬ ಪದದಲ್ಲಿರುವ ಆಕ್ಷೇಪವು ಈ ಹಕ್ಕಿನಿಂದ ಹುಟ್ಟಿದುದು. ‘ಕವರ್ಟ್’ ಪದಕ್ಕೆ ಈ ಆಕ್ಷೇಪವು ಸಹಜವಲ್ಲ. ಇಂಗ್ಲಿಷ್ ನ್ಯಾಯಶಾಸ್ತ್ರವು ವಿವಾಹಿತ ಸ್ತ್ರೀಯನ್ನು ‘ಫೆಮ್ ಕವರ್ಟ್’ ಎಂದು ಕರೆಯುತ್ತಿದ್ದಿತು. ೧೭೬೫ರಲ್ಲಿ ಪ್ರಕಟವಾಗತೊಡಗಿದ ಬ್ಲಾಕ್‌ಸ್ಟನ್ನನ ವ್ಯಾಖ್ಯಾನಗ್ರಂಥದಲ್ಲಿ ವಿವರಿಸಿರುವಂತೆ, ಆಕೆಯ ವ್ಯಾವಹಾರಿಕ ವ್ಯಕ್ತಿತ್ವವು ಗಂಡನ ರಕ್ಷಣೆಯ ಹೊದಿಕೆಯೊಳಗೆ ಸೇರಿಹೋಗಿರುತ್ತದೆ. ೧೮೭೦ ಮತ್ತು ೧೮೮೨ರ ಶಾಸನಗಳು ಆಸ್ತಿಯ ವಿಷಯದಲ್ಲಿ ಈ ಹೊದಿಕೆಯನ್ನು ಸಡಿಲಿಸಿದುವು. ಅದು ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ಮಾತು. ಆ ಸ್ತ್ರೀಯು ಮರೆಯಾಗಿ ಬಾಳುತ್ತಿದ್ದಳೆಂದು ಯಾರೂ ಹೇಳಲಿಲ್ಲ. ಎಲ್ಲರ ಕಣ್ಣಿಗೂ ಕಾಣುತ್ತಿದ್ದಳು. ನ್ಯಾಯದ ಕಣ್ಣಿಗೆ ಮಾತ್ರ ಆಕೆಯ ಮೇಲೆ ಹೊದಿಕೆಯಿದ್ದಿತು.

ಈ ಭೇದವನ್ನು ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕಕ್ಕೆ ಅನ್ವಯಿಸಿ ನೋಡೋಣ. ೧೬೦೪ರ ಡಿಸೆಂಬರಿನಲ್ಲಿ ಜೇಮ್ಸ್ ದೊರೆಯ ಆಸ್ಥಾನದಲ್ಲಿ ಅಭಿನಯಿಸಲ್ಪಟ್ಟ ಈ ನಾಟಕವು ಆದ್ಯಂತವಾಗಿ ಮರೆಮಾಚುವಿಕೆಯ ಕಥೆ. ವಿಯೆನ್ನದ ಡ್ಯೂಕನು ಅಧಿಕಾರವನ್ನು ಆಂಜೆಲೋವಿಗೆ ಒಪ್ಪಿಸಿ, ತಾನು ಪೋಲೆಂಡಿಗೆ ಹೋದುದಾಗಿ ಸುದ್ದಿ ಹಬ್ಬಿಸಿ, ಸನ್ಯಾಸಿಯ ವೇಷದಿಂದ ಊರಿನಲ್ಲಿಯೇ ಸುಳಿಯುತ್ತಾನೆ. ಕ್ಲಾಡಿಯೋ ಎಂಬ ತರುಣನು ಜೂಲಿಯೆಟ್ಟಳೊಡನೆ ನಿಜವಾದ ಒಡಂಬಡಿಕೆಯನ್ನು ಮಾಡಿಕೊಂಡಿದ್ದರೂ, ವರದಕ್ಷಿಣೆಯ ಹಣವು ಬಂಧುಗಳ ಕೈಯಲ್ಲಿದ್ದುದರಿಂದ ಅದನ್ನು ಹೊರಗೆ ಸಾರದೆ ಇದ್ದನು. ಆಕೆಯು ಗರ್ಭಿಣಿಯಾದುದರಿಂದ ವಿಷಯವು ಬಯಲಾಗಿ ಅವನಿಗೆ ಮರಣದಂಡನೆಯಾಯಿತು. ಡ್ಯೂಕನದು ‘ಕವರ್ಟ್’, ಕ್ಲಾಡಿಯೋವಿನದು ‘ಕ್ಲ್ಯಾಂಡೆಸ್ಟಿನ್’. ಡ್ಯೂಕನನ್ನು ಊರೆಲ್ಲ ಕಂಡಿತು, ಆದರೆ ಸನ್ಯಾಸಿಯೆಂದು ತಿಳಿಯಿತು. ಕ್ಲಾಡಿಯೋವಿನ ಒಡಂಬಡಿಕೆಯನ್ನು ಊರು ಕಾಣಲೇ ಇಲ್ಲ. ತಮ್ಮ ಸಮಾಗಮವನ್ನು ಹೇಳುವಾಗ ಕ್ಲಾಡಿಯೋ ಕಳವಿನ ಧಾತುವಿನಿಂದ ಹುಟ್ಟಿದ ಮಾತನ್ನೇ ಬಳಸುವುದು ಇಲ್ಲಿ ಗಮನಾರ್ಹವಾಗಿದೆ.

ನಾಟಕದ ಮಧ್ಯದಲ್ಲಿ ಈ ಎರಡು ಬಗೆಗಳೂ ಒಂದೇ ರಾತ್ರಿಯಲ್ಲಿ ಸೇರುತ್ತವೆ. ತಮ್ಮನ ಪ್ರಾಣಭಿಕ್ಷೆಗೆ ಬೆಲೆಯಾಗಿ ಇಸಬೆಲ್ಲಳು ತನ್ನ ಉದ್ಯಾನಗೃಹಕ್ಕೆ ಕತ್ತಲಲ್ಲಿ ಬರಬೇಕೆಂದು ಆಂಜೆಲೋ ಏರ್ಪಡಿಸುತ್ತಾನೆ. ಇದು ಅವನು ಲೋಕಕ್ಕೆ ತಿಳಿಯದಂತೆ ಕದ್ದು ಮಾಡಿದ ಕಾರ್ಯ. ಡ್ಯೂಕನು, ಆಂಜೆಲೋ ಹಿಂದೆ ಕೈಬಿಟ್ಟಿದ್ದ ಮರಿಯಾನಳನ್ನು ಇಸಬೆಲ್ಲಳ ಸ್ಥಾನದಲ್ಲಿ ಕಳುಹಿಸುತ್ತಾನೆ. ಇದು ಆಂಜೆಲೋವಿನ ಎದುರಿನಲ್ಲಿಯೇ ಮುಚ್ಚಿ ಮಾಡಿದ ಕಾರ್ಯ. ಕದಿಯುವವನಿಗೆ ಮುಚ್ಚುವವನು ಮೋಸಮಾಡಿದನು. ಐದನೆಯ ಅಂಕದಲ್ಲಿ ಮರಿಯಾನಳು ಮುಸುಕನ್ನು ತೆಗೆಯುತ್ತಾಳೆ. ಲೂಸಿಯೋ ಸನ್ಯಾಸಿಯ ತಲೆಮುಸುಕನ್ನು ಎಳೆಯುತ್ತಾನೆ, ಡ್ಯೂಕನು ಕಾಣುತ್ತಾನೆ. ಎರಡು ಬಟ್ಟೆಗಳು ಸರಿದುವು, ಮುಚ್ಚಿದುದೆಲ್ಲ ತೆರೆಯಿತು. ಆದರೆ ಕ್ಲಾಡಿಯೋವಿನ ವಿಷಯದಲ್ಲಿ ತೆಗೆಯುವುದಕ್ಕೆ ಮುಸುಕು ಯಾವುದೂ ಇಲ್ಲ. ಅಲ್ಲಿ ಡ್ಯೂಕನು ಹೇಳುವುದು, ಅನ್ಯಾಯಕ್ಕೊಳಗಾದವಳಿಗೆ ಅವಳ ಸ್ಥಾನವನ್ನು ಹಿಂದಿರುಗಿಸಬೇಕೆಂದು. ಎಂದರೆ ಆ ಒಡಂಬಡಿಕೆಯು ಲೋಕದೆದುರಿನಲ್ಲಿ ವಿವಾಹವಾಗಬೇಕೆಂದು. ಎರಡು ಬಗೆಯ ಮರೆಗೆ ಎರಡು ಬಗೆಯ ಪರಿಹಾರ. ಮುಚ್ಚುವುದರಲ್ಲಿ ನಿಪುಣನಾದ ದೊರೆಯೇ ಕದ್ದವರಿಗೆ ನ್ಯಾಯಹೇಳಲು ಕುಳಿತಿರುವುದರಲ್ಲಿ ಈ ನಾಟಕದ ಕಹಿಯೆಲ್ಲ ಅಡಗಿದೆ. ಎರಡನ್ನೂ ‘ರಹಸ್ಯ’ವೆಂದು ಅನುವಾದಿಸಿದವನಿಗೆ ಈ ಕಹಿಯು ನಾಲಗೆಗೆ ತಾಕುವುದಿಲ್ಲ.

ಇಂಗ್ಲಿಷ್ ಲೇಖಕರೇ ಎಷ್ಟೋ ವೇಳೆ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬಳಸಿಲ್ಲವೇ ಎಂದು ಇಲ್ಲಿ ಆಕ್ಷೇಪಿಸಬಹುದು. ಬಳಸಿದ್ದಾರೆ. ಮಾತನ್ನು ಸಡಿಲವಾಗಿ ಬಳಸುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಆದರೆ ಭೇದವು ನಿಜವಾದುದಾದರೆ, ಅವಶ್ಯಕತೆ ಒದಗಿದಾಗ ಅದು ತಾನಾಗಿಯೇ ಮೇಲೇಳುತ್ತದೆ. ಈ ಪದಗಳ ವಿಷಯದಲ್ಲಿ ಅಂತಹ ಅವಶ್ಯಕತೆಯು ಎರಡನೆಯ ಮಹಾಯುದ್ಧದ ಅನಂತರ ರಾಜನೀತಿಯಲ್ಲಿ ಒದಗಿತು. ೧೯೪೮ರ ಜೂನ್ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾಮಂಡಲಿಯು ಹೊರಡಿಸಿದ ಒಂದು ನಿರ್ದೇಶಪತ್ರವು, ಸರ್ಕಾರದ ಹೊಣೆಯು ಹೊರಗಿನವರಿಗೆ ತೋರದಂತೆಯೂ, ಬಯಲಾದರೆ ಅದನ್ನು ನಂಬುವಂತೆ ಅಲ್ಲಗಳೆಯಲು ಸಾಧ್ಯವಾಗುವಂತೆಯೂ ಯೋಜಿಸಿದ ಕಾರ್ಯಗಳನ್ನು ‘ಕವರ್ಟ್’ ಎಂದು ಲಕ್ಷಣೀಕರಿಸಿತು. ಅಲ್ಲಿಯ ಸೈನ್ಯದ ಪಾರಿಭಾಷಿಕಕೋಶವು ಮುಂದೆ ಇದನ್ನು ಇನ್ನೂ ಸ್ಫುಟಗೊಳಿಸಿ, ಮಾಡಿಸಿದವನನ್ನು ಮರೆಮಾಡುವುದು ‘ಕವರ್ಟ್’, ಕಾರ್ಯವನ್ನೇ ಮರೆಮಾಡುವುದು ‘ಕ್ಲ್ಯಾಂಡೆಸ್ಟಿನ್’ ಎಂದಿತು. ವಿವಾಹಶಾಸನದ ಕಾಲದಲ್ಲಿದ್ದ ಭೇದವೇ ಇನ್ನೂರು ವರ್ಷಗಳ ಮೇಲೆ ಬೇರೊಂದು ರಂಗದಲ್ಲಿ ಮರಳಿ ಕಾಣಿಸಿಕೊಂಡಿತು.

ಎರಡಕ್ಕೂ ನಿದರ್ಶನಗಳು ಚರಿತ್ರೆಯಲ್ಲಿವೆ. ೧೯೬೧ರ ಏಪ್ರಿಲಿನಲ್ಲಿ ಕ್ಯೂಬಾದ ವಿಮಾನನಿಲ್ದಾಣಗಳ ಮೇಲೆ ಬಾಂಬುಹಾಕಿದ ವಿಮಾನಗಳಿಗೆ ಕ್ಯೂಬಾದ ವಾಯುಸೈನ್ಯದ ಚಿಹ್ನೆಗಳನ್ನೇ ಬಳಿದಿದ್ದರು. ಕಾರ್ಯವನ್ನು ಲೋಕವೆಲ್ಲ ಕಂಡಿತು, ಕಳುಹಿಸಿದವರು ಯಾರೆಂಬುದನ್ನು ಮಾತ್ರ ಮುಚ್ಚಲು ಯತ್ನಿಸಿದರು. ೧೯೫೫ರಲ್ಲಿ ಬರ್ಲಿನ್ ನಗರದ ಅಮೆರಿಕನ್ ವಲಯದಿಂದ ಸೋವಿಯತ್ ವಲಯದೊಳಕ್ಕೆ ನೆಲದಡಿಯಲ್ಲಿ ತೋಡಿ, ಟೆಲಿಫೋನ್ ತಂತಿಗಳಿಗೆ ಕಿವಿಗೊಟ್ಟ ಸುರಂಗದ ಕಥೆಯು ಬೇರೆ. ಅಲ್ಲಿ ಅಡಗಬೇಕಾಗಿದ್ದುದು ಸುರಂಗವೇ; ೧೯೫೬ರಲ್ಲಿ ಅದು ಬಯಲಾದ ಮೇಲೆ ಅಡಗಿಸಲು ಬೇರೇನೂ ಉಳಿಯಲಿಲ್ಲ. ನಮ್ಮ ವಾಚಕರಿಗೆ ಭಾರತಕಥೆಯಲ್ಲಿ ಇವೆರಡಕ್ಕೂ ಸಾದೃಶ್ಯಗಳು ಹೊಳೆಯದೆ ಇರವು. ವಿದುರನು ಕಳುಹಿಸಿದ ಖನಕನು ಪುರೋಚನನಿಗೆ ತಿಳಿಯದಂತೆ ಅರಗಿನಮನೆಯಲ್ಲಿ ತೋಡಿದ ಬಿಲವು ‘ಕ್ಲ್ಯಾಂಡೆಸ್ಟಿನ್’. ವಿರಾಟನಗರದಲ್ಲಿ ಕೀಚಕನ ಹೆಣವನ್ನು ಎಲ್ಲರೂ ಕಂಡರು. ಕೊಂದವರು ಗಂಧರ್ವರೆಂದು ಸೈರಂಧ್ರಿಯು ಹೇಳಿದಳು. ಅದು ‘ಕವರ್ಟ್’.

ಇನ್ನು ಕನ್ನಡದ ಪ್ರತಿಪದಗಳ ಮಾತು. ನಮ್ಮ ಬಳಕೆಯಲ್ಲಿರುವ ಸಂಸ್ಕೃತಪದಗಳಿಗೂ ಒಂದೊಂದು ಹುಟ್ಟು ಇದೆ. ರಕ್ಷಿಸುವುದೆಂಬ ಅರ್ಥದ ಧಾತುವಿನಿಂದ ‘ಗುಪ್ತ’, ಅಡಗಿಸುವುದೆಂಬ ಅರ್ಥದ ಧಾತುವಿನಿಂದ ‘ಗೂಢ’, ಏಕಾಂತವೆಂಬ ಅರ್ಥದ ‘ರಹಸ್’ ಶಬ್ದದಿಂದ ‘ರಹಸ್ಯ’, ಮುಚ್ಚುವುದೆಂಬ ಅರ್ಥದ ‘ಛದ್’ ಧಾತುವಿನಿಂದ ‘ಪ್ರಚ್ಛನ್ನ’. ಇವುಗಳಲ್ಲಿ ‘ಪ್ರಚ್ಛನ್ನ’ವು ‘ಕವರ್ಟ್’ ಪದದ ನೇರವಾದ ನೆರಳು. ಎರಡಕ್ಕೂ ‘ಮುಚ್ಚಲ್ಪಟ್ಟ’ ಎಂದೇ ಅರ್ಥ. ಆದುದರಿಂದ ‘ಕವರ್ಟ್’ ಎಂಬುದಕ್ಕೆ ಸಾಮಾನ್ಯವಾಗಿ ‘ಪ್ರಚ್ಛನ್ನ’ವನ್ನೂ, ಮಾತಿನ ವಿಷಯವಾದರೆ ‘ಹೊದಿಕೆಯ ಮಾತು’ ಎಂಬಂತಹ ತಿಳಿಗನ್ನಡವನ್ನೂ ಬಳಸಬಹುದು. ‘ಗೂಢ’ವನ್ನು ಗೂಢಾರ್ಥ ಮೊದಲಾದ ಆಳದಲ್ಲಿರುವ ವಸ್ತುಗಳಿಗೂ, ‘ಗುಪ್ತ’ವನ್ನು ಗುಪ್ತನಿಧಿಯಂತೆ ಕಾಪಾಡಲ್ಪಟ್ಟ ವಸ್ತುಗಳಿಗೂ ಉಳಿಸಿಕೊಳ್ಳುವುದು ಮೇಲು. ಆದರೆ ಇದು ನಾವು ಮಾಡಿಕೊಳ್ಳುವ ಏರ್ಪಾಡೇ ಹೊರತು ಹಳೆಯ ಪ್ರಯೋಗದ ನಿಯಮವಲ್ಲ. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಾರರಿಗೆ ‘ಗೂಢಪುರುಷ’ರೆಂದು ಹೆಸರು. ಅವರಾದರೋ ತಾಪಸ, ವರ್ತಕ, ಗೃಹಸ್ಥ ಮೊದಲಾದ ವೇಷಗಳಲ್ಲಿ ಎಲ್ಲರ ಕಣ್ಣೆದುರಿಗೆ ಓಡಾಡುವವರು. ನಮ್ಮ ಸೂತ್ರದಂತೆ ಪ್ರಚ್ಛನ್ನರು.

‘ಕ್ಲ್ಯಾಂಡೆಸ್ಟಿನ್’ ಎಂಬುದಕ್ಕೆ ಸಂಸ್ಕೃತಪದಗಳಿಗಿಂತ ಅಚ್ಚಗನ್ನಡವೇ ಹೆಚ್ಚು ಸಮರ್ಥವಾಗಿದೆ. ಕಳ್ಳಸಾಗಣೆ, ಕಳ್ಳಭಟ್ಟಿ ಎಂಬ ಮಾತುಗಳಲ್ಲಿ ತಿಳಿಯುವ ಹಕ್ಕುಳ್ಳವನಿಗೆ ತಿಳಿಸದೆ ಮಾಡಿದ ಕಾರ್ಯವೆಂಬ ಅರ್ಥವೂ ಅದರ ಮೇಲಣ ಆಕ್ಷೇಪವೂ ಒಟ್ಟಿಗೆ ಬರುತ್ತವೆ. ಆದರೆ ಈ ಮಾತನ್ನೂ ಎಲ್ಲೆಡೆಯಲ್ಲಿ ಕುರುಡಾಗಿ ಹಾಕಬಾರದು. ಕಾಳಿದಾಸನ ಶಾಕುಂತಲವನ್ನು ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿ ಓದಿದವರು ಅಲ್ಲಿಯ ಸನ್ನಿವೇಶವನ್ನು ನೆನೆಯಬಹುದು. ಮೊದಲನೆಯ ಅಂಕದಲ್ಲಿ ದುಷ್ಯಂತನು ತಾನು ರಾಜನೆಂದು ಹೇಳದೆ ರಾಜನಿಂದ ನಿಯುಕ್ತನಾದ ಅಧಿಕಾರಿಯೆಂಬಂತೆ ನಡೆದುಕೊಂಡನು, ಇದು ಪ್ರಚ್ಛನ್ನತೆ. ಅನಂತರ ಕಣ್ವರಿಲ್ಲದಾಗ ನಡೆದ ಗಾಂಧರ್ವವಿವಾಹವು ಬೇರೆ ಬಗೆಯದು. ಕ್ಷತ್ರಿಯನಿಗೆ ಅದು ಶಾಸ್ತ್ರಸಮ್ಮತವಾದುದರಿಂದ ಅಲ್ಲಿ ‘ಕಳ್ಳ’ ಎಂಬ ಮಾತು ಸಲ್ಲದು. ಏಕಾಂತದ ಧಾತುವುಳ್ಳ ‘ರಹಸ್ಯ’ವೇ ಅಲ್ಲಿ ಯುಕ್ತ. ಆದರೂ ಏಕಾಂತದಲ್ಲಿ ಬೆಳೆಸುವ ಸಖ್ಯವನ್ನು ವಿಶೇಷವಾಗಿ ಪರೀಕ್ಷಿಸಿಯೇ ಮಾಡಬೇಕೆಂದು ಶಾರ್ಙ್ಗರವನು ಐದನೆಯ ಅಂಕದಲ್ಲಿ ಆಡುವ ನಿಷ್ಠುರವು ನಿಷ್ಕಾರಣವಲ್ಲ.

ಏಕೆಂದರೆ ಅಲ್ಲಿಯೂ ಒಂದು ಮುಸುಕಿದೆ. ರಾಜನು ಗುರುತಿಸಲಿಲ್ಲವೆಂದು ಗೌತಮಿಯು ಶಕುಂತಲೆಯ ಅವಗುಂಠನವನ್ನು ತೆಗೆಯುತ್ತಾಳೆ. ವಿಯೆನ್ನದಲ್ಲಿ ಮರಿಯಾನಳ ಮುಸುಕು ಸರಿದೊಡನೆ ಆಂಜೆಲೋ ಎದುರಿಗಿರುವವಳು ಯಾರೆಂಬುದನ್ನು ಒಪ್ಪಲೇಬೇಕಾಯಿತು. ಹಸ್ತಿನಾವತಿಯಲ್ಲಿ ಮುಸುಕು ಸರಿದರೂ ಏನೂ ಆಗಲಿಲ್ಲ. ರಾಜನು ಆ ಮುಖವನ್ನು ನೋಡಿ ಮೆಚ್ಚಿದನೇ ಹೊರತು ಆ ವಿವಾಹವನ್ನು ಒಪ್ಪಲಿಲ್ಲ. ದೂರ್ವಾಸನ ಶಾಪವು ಇದಕ್ಕೆ ಕಥೆಯು ಕೊಡುವ ಕಾರಣ. ಆದರೆ ಶಾಪವು ಅಷ್ಟು ದಾರುಣವಾಗಿ ಫಲಿಸುವುದಕ್ಕೆ ನೆಲವನ್ನು ಹದಮಾಡಿದುದು ಆ ವಿವಾಹದ ಏಕಾಂತವೇ. ಸಭೆಯು ಕಂಡ ವಿವಾಹವನ್ನು ಒಬ್ಬನು ಮರೆತರೆ ಉಳಿದವರು ನೆನಪಿಸುತ್ತಾರೆ. ಇಬ್ಬರೇ ಅರಿತ ವಿವಾಹವನ್ನು ಒಬ್ಬನು ಮರೆತರೆ ಮತ್ತೊಬ್ಬಳ ಮಾತಿಗೆ ಆಧಾರವಿಲ್ಲ. ಅಡಗಿದ್ದುದು ಶಕುಂತಲೆಯ ಮುಖವಲ್ಲ, ನಡೆದ ಕಾರ್ಯ. ಅದಕ್ಕೆ ಅನಾವರಣವು ಸಾಲದು, ಸಾಕ್ಷಿ ಬೇಕು. ಆ ಸಾಕ್ಷಿಯು ಬೆಸ್ತನ ಕೈಯಲ್ಲಿ, ರಾಜನ ಹೆಸರುಳ್ಳ ಉಂಗುರವಾಗಿ, ತಡವಾಗಿ ಬಂದಿತು.

ಎರಡು ಇಂಗ್ಲಿಷ್ ಪದಗಳ ಸಣ್ಣ ಅಂತರವು ನಮ್ಮನ್ನು ಇಷ್ಟು ದೂರ ಕರೆದುತಂದಿದೆ. ಪಾಠಹೇಳುವವರು ಇಂತಹ ಪದಗಳು ಬಂದಾಗ ಪರ್ಯಾಯಪದವನ್ನು ಹೇಳಿ ನಿಲ್ಲಿಸದೆ, ನೋಟಕನು ಏನನ್ನು ಕಂಡನು, ಯಾರಿಗೆ ತಿಳಿಯಬೇಕಾಗಿದ್ದಿತು ಎಂಬ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಸಾಕು. ಉಳಿದುದನ್ನು ಕಾವ್ಯವೇ ಹೇಳಿಕೊಡುತ್ತದೆ. ಈ ಭೇದವು ನಮ್ಮ ಭಾಷೆಗೆ ಹೊಸದೂ ಅಲ್ಲ. ಮನೆಯ ಹೆಂಗಸರೂ ಸಂತೆಯ ವ್ಯಾಪಾರಿಗಳೂ ದಿನವೂ ಆಡುವ ‘ಕದ್ದುಮುಚ್ಚಿ’ ಎಂಬ ಜೋಡುಮಾತಿನಲ್ಲಿ ಎರಡೂ ಒಟ್ಟಿಗೆ ನಿಂತಿವೆ. ಕದ್ದುದು ಬೇರೆ, ಮುಚ್ಚಿದುದು ಬೇರೆ ಎಂದು ಅರಿತೇ ಹಿಂದಿನವರು ಅವೆರಡನ್ನು ಜೊತೆಗೂಡಿಸಿರಬೇಕು. ಆ ಜೋಡಿಯನ್ನು ಬಿಡಿಸಿ ಒಂದೊಂದನ್ನು ಅದರ ಸ್ಥಾನದಲ್ಲಿ ಇಡುವುದು ಅನುವಾದಕರ ಕರ್ತವ್ಯ.